ಇಷ್ಟು ಸಾಕು ಅನ್ನಿಸುವುದು ಯಾವಾಗ? ಮನೆಯ ಆಡಿಯೋ ಸೆಟ್ ಮತ್ತು ಮುಗಿಯದ ಅಪ್‌ಗ್ರೇಡ್ ಆಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತು ವರ್ಷಗಳಿಂದ ಮನೆಯಲ್ಲಿ ಗಮನವಿಟ್ಟು ಸಂಗೀತ ಕೇಳುತ್ತಿದ್ದೇನೆ. ಮೊದಲ ಹನ್ನೆರಡು ವರ್ಷ ಕೇಳಿದ್ದಕ್ಕಿಂತ ಬದಲಿಸಿದ್ದೇ ಹೆಚ್ಚು: ಐದು ಆಂಪ್ಲಿಫೈಯರ್, ಏಳು ಜೊತೆ ಸ್ಪೀಕರ್, ಎಷ್ಟು ಡ್ಯಾಕ್ (ಡಿಜಿಟಲ್ ಸಂಗೀತವನ್ನು ವಿದ್ಯುತ್ ಅಲೆಯಾಗಿಸುವ ಪೆಟ್ಟಿಗೆ) ಎಂದು ಲೆಕ್ಕ ಇಟ್ಟಿಲ್ಲ. ಕಳೆದ ಎಂಟು ವರ್ಷಗಳಿಂದ ಒಂದೇ ಸೆಟ್ ಇದೆ. ಅದು ಹೇಗೆ ನಿಂತಿತು ಎಂದು ಗೆಳೆಯರು ಕೇಳುತ್ತಲೇ ಇರುತ್ತಾರೆ. ಅವರ ಪ್ರಶ್ನೆಗಳ ಜೊತೆಗೆ, ಆ ಹನ್ನೆರಡು ವರ್ಷಗಳಲ್ಲಿ ಯಾರಾದರೂ ನನಗೆ ಉತ್ತರಿಸಬೇಕಿತ್ತು ಎನ್ನಿಸುವ ಕೆಲವು ಪ್ರಶ್ನೆಗಳೂ ಇಲ್ಲಿವೆ.

ಸೆಟ್ ಚೆನ್ನಾಗಿಯೇ ಇದೆ. ಆದರೂ ಕೆಲವು ತಿಂಗಳಿಗೊಮ್ಮೆ ಬೇರೇನೋ ಬೇಕು ಅನ್ನಿಸುತ್ತದೆ. ಯಾಕೆ?

ಒಗ್ಗಿಹೋಗುವ ಗುಣ ಒಂದು ಕಾರಣ. ಹೊಸ ಸ್ಪೀಕರ್ ಬಂದ ಮೊದಲ ವಾರ ಹಳೆಯ ಹಾಡುಗಳೆಲ್ಲ ಹೊಸದಾಗಿ ಕೇಳಿಸುತ್ತವೆ. ತಿಂಗಳು ಕಳೆಯುವಷ್ಟರಲ್ಲಿ ಆ ದನಿ ಮಾಮೂಲಾಗುತ್ತದೆ. ಸ್ಪೀಕರ್ ಕೆಟ್ಟಿಲ್ಲ, ಕಿವಿಯೂ ಕೆಟ್ಟಿಲ್ಲ. ಮಿದುಳು ಅದನ್ನೇ ಹೊಸ ಅಳತೆಗೋಲು ಮಾಡಿಕೊಂಡಿದೆ, ಅಷ್ಟೆ. ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಸುಖದ ಈ ಸ್ವಭಾವವನ್ನು ಟ್ರೆಡ್‌ಮಿಲ್‌ಗೆ ಹೋಲಿಸಿದರು. ಎಷ್ಟು ಓಡಿದರೂ ನಿಂತ ಜಾಗ ಬದಲಾಗುವುದಿಲ್ಲ. ಆಡಿಯೋ ಗೀಳು ಹತ್ತಿದವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಾರಣದ ಬಗ್ಗೆ ಮಾತು ಕಡಿಮೆ, ಆದರೆ ನನ್ನ ಮಟ್ಟಿಗೆ ಅದೇ ದೊಡ್ಡದು. ಹಾಡು ಕೇಳಲು ಕೂತವರು ನಮಗೇ ತಿಳಿಯದಂತೆ ಪರೀಕ್ಷಕರಾಗಿಬಿಡುತ್ತೇವೆ. ಟ್ವೀಟರ್ (ಮೇಲಿನ ಸ್ವರ ಹೊರಡಿಸುವ ಚಿಕ್ಕ ಸ್ಪೀಕರ್) ಸ್ವಲ್ಪ ಚೂಪಾಗಿದೆಯೇ, ಬಾಸ್ ಊದಿಕೊಂಡಿದೆಯೇ, ಗಾಯಕಿಯ ದನಿ ನಟ್ಟನಡುವೆ ನಿಲ್ಲುತ್ತಿದೆಯೇ ಎಂದು ಹುಡುಕುತ್ತೇವೆ. ತಪ್ಪಿಲ್ಲದ ಸ್ಪೀಕರನ್ನು ಯಾರೂ ಮಾಡಿಲ್ಲವಾದ್ದರಿಂದ ಹುಡುಕಿದವರಿಗೆ ತಪ್ಪು ಸಿಕ್ಕೇ ಸಿಗುತ್ತದೆ. ಬದಲಿಸುತ್ತಲೇ ಇದ್ದ ಆ ದಿನಗಳಲ್ಲಿ ನಾನು ಹಾಕುತ್ತಿದ್ದುದು ಅವೇ ಹತ್ತು ಹನ್ನೆರಡು ಹಾಡು, ಅದರಲ್ಲೂ ಮೊದಲ ಒಂದೂವರೆ ನಿಮಿಷ ಮಾತ್ರ. ಉಳಿದ ಹಾಡು ಹೇಗೆ ಮುಗಿಯುತ್ತದೆ ಎಂಬುದು ಕೆಲವದರಲ್ಲಿ ನನಗೆ ಗೊತ್ತೇ ಇರಲಿಲ್ಲ.

ಆದರೆ ಹೊಸದನ್ನು ತಂದಾಗ ವ್ಯತ್ಯಾಸ ನಿಜವಾಗಿಯೂ ಕೇಳಿಸಿತಲ್ಲ! ಅದೆಲ್ಲ ಭ್ರಮೆಯೇ?

ಕೇಳಿಸಿದ್ದು ಸುಳ್ಳಲ್ಲ. ಎಲ್ಲಿಂದ ಬಂತು ಎಂಬುದನ್ನು ಮಾತ್ರ ವಿಚಾರಿಸಬೇಕು.

1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇಬ್ಬರೂ ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯಲ್ಲಿದ್ದವರು, ಕೇಳುಗರಾಗಿ ಕೂತ 40 ಮಂದಿಯೂ ಅಲ್ಲಿನವರೇ. ಅವೇ ಸ್ಪೀಕರ್‌ಗಳನ್ನು ಒಮ್ಮೆ ಪರದೆಯ ಹಿಂದಿಟ್ಟು, ಇನ್ನೊಮ್ಮೆ ಕಣ್ಣೆದುರಿಟ್ಟು ಅಂಕ ಕೊಡಿಸಿದರು. ಕಣ್ಣಿಗೆ ಕಂಡಾಗ ದೊಡ್ಡ, ಚೆಂದದ ಪೆಟ್ಟಿಗೆಗಳ ಅಂಕ ಏರಿತು. ಚಿಕ್ಕದಾದ, ಅಗ್ಗದ ಸೆಟ್ಟಿನ ಅಂಕ ಇಳಿಯಿತು. ಆ ಕೇಳುಗರು ಮೋಸ ಮಾಡಲಿಲ್ಲ. ಕಿವಿಯ ತೀರ್ಪಿನಲ್ಲಿ ಕಣ್ಣಿಗೂ ಪಾಲಿದೆ, ಬೆಲೆ ಚೀಟಿಗೂ ಪಾಲಿದೆ.

ಜೋರಿನ ವಿಷಯ ಇನ್ನೂ ಸೂಕ್ಷ್ಮ. ಜೋರನ್ನು ಅಳೆಯುವುದು ಡೆಸಿಬಲ್‌ನಲ್ಲಿ. ಎರಡು ಆಂಪ್ಲಿಫೈಯರ್‌ಗಳ ನಡುವೆ ಒಂದು ಡೆಸಿಬಲ್‌ನಷ್ಟು ವ್ಯತ್ಯಾಸವಿದ್ದರೆ ಅದು ಜೋರು ಎಂದು ತೋರುವುದಿಲ್ಲ. ಹೆಚ್ಚು ಸ್ಪಷ್ಟ, ಹೆಚ್ಚು ತುಂಬು ಎಂದು ತೋರುತ್ತದೆ. ಅದಕ್ಕೇ ಗಂಭೀರವಾಗಿ ಹೋಲಿಸುವವರು ಮೊದಲು ಮೀಟರ್ ಹಿಡಿದು ಎರಡರ ಮಟ್ಟವನ್ನೂ 0.1 ಅಥವಾ 0.2 ಡೆಸಿಬಲ್ ಒಳಗೆ ತಂದುಕೊಳ್ಳುತ್ತಾರೆ.

ನಾನೂ ಒಮ್ಮೆ ಹಾಗೆ ಮಾಡಿದೆ. ಹಳೆಯ ಆಂಪ್ಲಿಫೈಯರ್, ಅದಕ್ಕಿಂತ ಮೂರು ಪಟ್ಟು ಬೆಲೆಯ ಹೊಸದು, ಮಟ್ಟ ಸರಿಹೊಂದಿಸಿದ ಮೇಲೆ ತಂಗಿಯ ಕೈಯಲ್ಲಿ ಸ್ವಿಚ್. ಇಪ್ಪತ್ತು ಸಲದಲ್ಲಿ ಹನ್ನೊಂದು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತಿತ್ತು. ಆ ಸಂಜೆ ಮೊದಲು ಬೇಸರವಾಯಿತು. ಆಮೇಲೆ ಬಹಳ ದಿನಗಳಿಂದ ಹೊತ್ತಿದ್ದ ಏನನ್ನೋ ಇಳಿಸಿದ ಹಾಗಾಯಿತು.

ಹಾಗಾದರೆ ಯಾವುದನ್ನು ಬದಲಿಸಿದರೂ ಪ್ರಯೋಜನವಿಲ್ಲ ಅನ್ನುತ್ತೀರಾ?

ಇಲ್ಲ. ಸ್ಪೀಕರ್‌ಗಳ ನಡುವಿನ ವ್ಯತ್ಯಾಸ ದೊಡ್ಡದು, ಕಣ್ಣು ಕಟ್ಟಿಕೊಂಡರೂ ಗೊತ್ತಾಗುವಂಥದ್ದು. ಹೆಡ್‌ಫೋನ್‌ಗಳದೂ ಹಾಗೆಯೇ. ಎಲ್‌ಪಿ ಕೇಳುವವರಿಗೆ ಕಾರ್ಟ್ರಿಜ್ (ಸೂಜಿಯನ್ನು ಹಿಡಿದಿರುವ ಭಾಗ) ಕೂಡ. ವಿದ್ಯುತ್ತನ್ನು ಚಲನೆಯಾಗಿಸುವ, ಚಲನೆಯನ್ನು ವಿದ್ಯುತ್ತಾಗಿಸುವ ಭಾಗಗಳಲ್ಲೇ ಹೆಚ್ಚಿನ ವಿಕೃತಿ ಹುಟ್ಟುತ್ತದೆ. ಸರಿಯಾಗಿ ವಿನ್ಯಾಸಗೊಂಡ ಆಂಪ್ಲಿಫೈಯರ್ ಮತ್ತು ಡ್ಯಾಕ್‌ಗಳಲ್ಲಿ, ಅವುಗಳ ಮಿತಿಯೊಳಗೆ ಬಳಸಿದರೆ, ಕಿವಿಗೆ ನಿಲುಕುವ ವ್ಯತ್ಯಾಸ ಬಹಳ ಕಡಿಮೆ.

ಇವೆಲ್ಲಕ್ಕಿಂತ ದೊಡ್ಡ ಪಾಲು ನಿಮ್ಮ ಕೋಣೆಯದು.

ಕೋಣೆ ಅಂದರೆ? ಅದನ್ನು ಬದಲಿಸಲು ಆಗುವುದಿಲ್ಲವಲ್ಲ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ. ಸ್ಪೀಕರ್ ಪಾಲಿಗೆ ನೆಲ ನಿಜಕ್ಕೂ ಡೊಂಕೇ. ಒಳ್ಳೆಯ ಸ್ಪೀಕರನ್ನು ದೂರಿ ಮಾರಿಬಿಡುತ್ತೇವೆ, ತಪ್ಪು ಗೋಡೆಗಳದಾಗಿರುತ್ತದೆ.

ಲೆಕ್ಕ ಸರಳ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ. ನಾಲ್ಕು ಮೀಟರ್ ಉದ್ದದ ಕೋಣೆಗೆ 43 ಹರ್ಟ್ಸ್ (ಸೆಕೆಂಡಿಗೆ 43 ಕಂಪನ) ಬರುತ್ತದೆ, ಐದು ಮೀಟರ್‌ಗೆ 34. ಆ ಸ್ವರದಲ್ಲಿ ಎದುರುಬದುರು ಗೋಡೆಗಳ ನಡುವೆ ಅಲೆ ನಿಂತುಬಿಡುತ್ತದೆ. ಗೋಡೆಯ ಪಕ್ಕ ಕೂತವರಿಗೆ ಬಾಸ್ ಗುಮ್ಮೆನ್ನುತ್ತದೆ, ನಟ್ಟನಡುವೆ ಕೂತವರಿಗೆ ಅದೇ ಸ್ವರ ಹೆಚ್ಚುಕಡಿಮೆ ಮಾಯ. ಅಗಲಕ್ಕೊಂದು, ಎತ್ತರಕ್ಕೊಂದು ಇಂಥದೇ ಸ್ವರವಿದೆ, ಅವುಗಳ ಎರಡರಷ್ಟು ಮೂರರಷ್ಟರಲ್ಲಿ ಇನ್ನಷ್ಟಿವೆ. ಈ ಏರಿಳಿತ ಹತ್ತು ಡೆಸಿಬಲ್ ದಾಟುವುದು ಸಾಮಾನ್ಯ. ಡ್ಯಾಕ್ ಬದಲಿಸಿ ಇದನ್ನು ಸರಿಪಡಿಸಲು ಹೊರಟರೆ ಒಂದು ಆಯುಷ್ಯ ಸಾಲದು.

ಕೋಣೆಯ ಗುಣವನ್ನು ಮೊದಲು ಅಳತೆಗೆ ತಂದವರು ವ್ಯಾಲೇಸ್ ಕ್ಲೆಮೆಂಟ್ ಸಬೈನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಪದ ಆರಿಹೋಗಲು ಐದೂವರೆ ಸೆಕೆಂಡು ಬೇಕಾಗುತ್ತಿತ್ತು. ಸಬೈನ್ ಹತ್ತಿರದ ರಂಗಮಂದಿರದ ಕುರ್ಚಿಗಳ ದಿಂಬುಗಳನ್ನು ರಾತ್ರಿ ಹೊತ್ತು ತರಿಸಿ, ಒಂದೊಂದಾಗಿ ಹರಡುತ್ತ, ಆರ್ಗನ್ ಕೊಳವೆಯೊಂದನ್ನು ಊದಿ, ಸದ್ದು ಸಾಯುವ ಹೊತ್ತನ್ನು ಗಡಿಯಾರ ಹಿಡಿದು ಬರೆದುಕೊಂಡರು. ಸದ್ದು ಹಿಡಿಯಲು ಅವರಿಗಿದ್ದ ಯಂತ್ರ ಸ್ವಂತ ಕಿವಿಯೊಂದೇ. ಆ ರಾತ್ರಿಗಳ ಲೆಕ್ಕದಿಂದಲೇ 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್‌ನ ಧ್ವನಿ ರೂಪುಗೊಂಡಿತು. ಈ ಕಥೆ ನನಗೆ ಬಹಳ ಪ್ರಿಯ. ದಿಂಬು ಹೊತ್ತು ತಂದು ಇಡುವುದು ನಮ್ಮೆಲ್ಲರ ಕೈಲೂ ಆಗುವ ಕೆಲಸ.

ನೀವು ಮಾಡಬಹುದಾದದ್ದು ಹೀಗೆ. ಸ್ಪೀಕರ್‌ಗಳನ್ನು ಮೂಲೆಯಿಂದ ಹೊರಗೆಳೆಯಿರಿ. ಎರಡರ ನಡುವಿನ ಅಂತರ, ಅವುಗಳಿಂದ ನಿಮಗಿರುವ ಅಂತರ ಹೆಚ್ಚುಕಡಿಮೆ ಒಂದೇ ಇರಲಿ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಕೂರುವ ಕುರ್ಚಿಯನ್ನು ಹಿಂಗೋಡೆಗೆ ಅಂಟಿಸಬೇಡಿ, ಕೋಣೆಯ ಸರಿ ನಡುವೆಯೂ ಇಡಬೇಡಿ. ಆಮೇಲೆ ಒಂದು ವಾರ, ದಿನಕ್ಕೊಮ್ಮೆ, ಒಂದು ಗೇಣಿನಷ್ಟು ಮಾತ್ರ ಸರಿಸಿ ಕೇಳಿ. ಬರಿಗೋಡೆ, ಬರಿನೆಲವಿದ್ದರೆ ದಪ್ಪ ಪರದೆ, ನೆಲಹಾಸು, ಪುಸ್ತಕ ತುಂಬಿದ ಕಪಾಟು ಕೆಲಸ ಮಾಡುತ್ತವೆ. ಆದರೆ ಅವು ಮೇಲಿನ ಸ್ವರಗಳನ್ನಷ್ಟೇ ಹೀರುತ್ತವೆ, ಬಾಸ್‌ಗೆ ಜಾಗ ಬದಲಾವಣೆಯೇ ಮದ್ದು. ನನ್ನ ಏಳು ಜೊತೆ ಸ್ಪೀಕರ್‌ಗಳಲ್ಲಿ ಕನಿಷ್ಠ ಎರಡನ್ನು ನಾನು ಕೊಟ್ಟದ್ದು ಈ ಕೆಲಸ ಮಾಡದೇ ಇದ್ದುದರಿಂದ. ಒಂದು ಜೊತೆಯ ಬಗ್ಗೆ ಈಗಲೂ ಮನಸ್ಸು ನೋಯುತ್ತದೆ.

ಹೈ-ರೆಸ್ (ಸಿ.ಡಿ.ಗಿಂತ ಹೆಚ್ಚು ವಿವರ ಹಿಡಿದಿಡುವ) ಸಂಗೀತಕ್ಕೆ ಹೋಗದಿದ್ದರೆ ಏನನ್ನೋ ಕಳೆದುಕೊಳ್ಳುತ್ತಿದ್ದೇನೆಯೇ?

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಸೆಕೆಂಡಿಗೆ ಸದ್ದಿನ ಅಲೆಯ 44,100 ಮಾದರಿಗಳನ್ನು (ಅಳತೆಗಳನ್ನು) 16 ಬಿಟ್‌ಗಳಲ್ಲಿ ಹಿಡಿಯುತ್ತದೆ. ಮನುಷ್ಯನ ಕಿವಿಯ ಮೇಲಿನ ಮಿತಿಯಾದ 20 ಕಿಲೋಹರ್ಟ್ಸ್‌ವರೆಗೆ ಅದು ಸಾಲುತ್ತದೆ, ಅತಿ ಮೆಲು ಮತ್ತು ಅತಿ ಜೋರಿನ ನಡುವೆ ಸುಮಾರು 96 ಡೆಸಿಬಲ್ ಅಂತರವೂ ಸಿಗುತ್ತದೆ. 2007ರಲ್ಲಿ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಹೈ-ರೆಸ್ ಡಿಸ್ಕ್‌ಗಳ ಸದ್ದನ್ನು ನೇರವಾಗಿಯೂ, ಸಿ.ಡಿ. ಗುಣಮಟ್ಟಕ್ಕೆ ಇಳಿಸಿಯೂ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯುತ್ತರ ಅರ್ಧದಷ್ಟು, ಎಂದರೆ ಬರೀ ಊಹೆ. 2016ರಲ್ಲಿ ಜೋಶುವಾ ರೈಸ್ 18 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಸರಿಯುತ್ತರ ಶೇಕಡಾ 52.3ಕ್ಕೆ ಬಂತು. ವ್ಯತ್ಯಾಸ ಇದೆ ಎಂದೇ ಇಟ್ಟುಕೊಳ್ಳಿ. ನೂರಕ್ಕೆ ಎರಡು ಸಲ ಊಹೆಯನ್ನು ಮೀರಿಸುವ ವ್ಯತ್ಯಾಸಕ್ಕಾಗಿ ರಾತ್ರಿ ನಿದ್ದೆಗೆಡಬೇಕೇ ಎಂಬುದು ನನ್ನ ಪ್ರಶ್ನೆ. ಒಳ್ಳೆಯ ಧ್ವನಿಮುದ್ರಣ ಮತ್ತು ಕೆಟ್ಟ ಧ್ವನಿಮುದ್ರಣದ ನಡುವಿನ ಅಂತರ ಇದರ ಎಷ್ಟೋ ಪಟ್ಟು.

ಹೆಚ್ಚು ವ್ಯಾಟ್?

50 ವ್ಯಾಟ್‌ನಿಂದ 100ಕ್ಕೆ ಹೋದರೆ ಸಿಗುವುದು ಮೂರು ಡೆಸಿಬಲ್. ಎರಡರಷ್ಟು ಜೋರು ಅನ್ನಿಸಲು ಸುಮಾರು ಹತ್ತು ಡೆಸಿಬಲ್ ಬೇಕು, ಎಂದರೆ 500 ವ್ಯಾಟ್. ಸಾಮಾನ್ಯ ಕೋಣೆಯಲ್ಲಿ ಹಿತವಾದ ಮಟ್ಟದಲ್ಲಿ ಕೇಳುವಾಗ ಆಂಪ್ಲಿಫೈಯರ್ ಹೆಚ್ಚಿನ ಹೊತ್ತು ಒಂದು ವ್ಯಾಟನ್ನೂ ಖರ್ಚು ಮಾಡುತ್ತಿರುವುದಿಲ್ಲ. ಜೋರಾಗಿಸಿದಾಗ ದನಿ ಒಡೆಯುತ್ತಿದ್ದರೆ ಮಾತ್ರ ಯೋಚಿಸಿ.

ಕೇಬಲ್?

ಸಾಕಷ್ಟು ದಪ್ಪ ಇರಲಿ, ತುದಿಗಳು ಗಟ್ಟಿಯಾಗಿ ಕೂತಿರಲಿ. ಅಲ್ಲಿಗೆ ಬಿಡಿ.

ನನಗೆ ಮೂಲದಂತೆಯೇ ಕೇಳಿಸಬೇಕು. ಗಾಯಕಿ ಎದುರಿಗೇ ಕೂತು ಹಾಡಿದ ಹಾಗೆ. ಅಲ್ಲಿಯವರೆಗೆ ತೃಪ್ತಿ ಹೇಗೆ?

ಈ ಆಸೆ ನಮ್ಮ ಕಾಲದ್ದಲ್ಲ. 1915ರಿಂದ ಸುಮಾರು ಹತ್ತು ವರ್ಷ ಎಡಿಸನ್ ಕಂಪನಿ ಊರೂರುಗಳಲ್ಲಿ ಒಂದು ಪ್ರದರ್ಶನ ನಡೆಸಿತು. ಗಾಯಕಿ ವೇದಿಕೆಯಲ್ಲಿ ಫೋನೋಗ್ರಾಫ್ ಪಕ್ಕ ನಿಂತು ಹಾಡುತ್ತಿದ್ದಳು. ದೀಪ ಆರುತ್ತಿತ್ತು, ಹಾಡು ಮುಂದುವರಿಯುತ್ತಿತ್ತು. ದೀಪ ಹೊತ್ತಿದಾಗ ವೇದಿಕೆಯಲ್ಲಿ ಯಂತ್ರವೊಂದೇ ಇರುತ್ತಿತ್ತು. ಅವಳು ಹೋದದ್ದು ಯಾವಾಗ ಎಂದು ಸಭೆ ಬೆರಗಾಗುತ್ತಿತ್ತು. 1916ರಲ್ಲಿ ಗಾಯಕಿ ಮೇರಿ ರಪ್ಪೋಲ್ಡ್ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲೇ ಹೀಗೆ ಹಾಡಿದರು. ಗಾಯಕಿಯರು ಯಂತ್ರದ ದನಿಗೆ ತಕ್ಕಂತೆ ತಮ್ಮ ದನಿಯನ್ನು ಹೊಂದಿಸಿಕೊಳ್ಳುತ್ತಿದ್ದರು ಎಂಬುದೂ ನಿಜ. ಆದರೂ ನೆನಪಿಡಿ: ಆ ಯಂತ್ರದಲ್ಲಿ ಆಂಪ್ಲಿಫೈಯರ್ ಇರಲಿಲ್ಲ, ಹಾಡನ್ನು ಮುದ್ರಿಸಿಕೊಂಡದ್ದು ಮೈಕ್ ಇಲ್ಲದೆ, ಬರೀ ಕಹಳೆಯ ಮೂಲಕ. ನೂರು ವರ್ಷದ ಹಿಂದಿನ ಕೇಳುಗರು ಅಷ್ಟರಲ್ಲೇ ಗಾಯಕಿಯನ್ನು ಕಂಡುಕೊಂಡರು.

ಇನ್ನೊಂದು ಮಾತು. ಇಂದಿನ ಬಹುಪಾಲು ಮುದ್ರಣಗಳಿಗೆ ನೀವು ಹೇಳುವಂಥ ‘ಮೂಲ’ವೇ ಇಲ್ಲ. ದನಿ ಒಂದು ದಿನ, ವಾದ್ಯಗಳು ಇನ್ನೊಂದು ದಿನ ಮುದ್ರಣಗೊಂಡು, ಯಾರೋ ಒಬ್ಬರ ಮೇಜಿನ ಮುಂದೆ ಬೆರೆತು ಹಾಡಾಗಿರುತ್ತವೆ. ಅವರ ಮುಂದೆಯೂ ಅಪರೂಪದ ಸ್ಪೀಕರ್ ಇರಬೇಕೆಂದಿಲ್ಲ. 1978ರಲ್ಲಿ ಯಮಾಹಾ ಮನೆಬಳಕೆಗೆಂದು ತಂದ ಬಿಳಿ ಕೋನ್‌ನ ಎನ್ಎಸ್-10 ಎಂಬ ಚಿಕ್ಕ ಸ್ಪೀಕರ್ ಮನೆಗಳಲ್ಲಿ ಹೆಸರು ಮಾಡಲಿಲ್ಲ. ಸ್ಟುಡಿಯೋಗಳು ಅದನ್ನು ಎತ್ತಿಕೊಂಡವು. 1980ರ ದಶಕದಿಂದ ಲೆಕ್ಕವಿಲ್ಲದಷ್ಟು ಆಲ್ಬಂಗಳು ಅದರೆದುರು ಬೆರೆತವು. ಅದರಲ್ಲಿ ಆಳದ ಬಾಸ್ ಇರಲಿಲ್ಲ, ದನಿಯೂ ಮೃದುವಲ್ಲ. ನಮ್ಮನ್ನು ಅಳಿಸಿದ ಎಷ್ಟೋ ಹಾಡುಗಳನ್ನು ‘ಇದು ಸರಿ’ ಎಂದು ಒಪ್ಪಿದ ಕಿವಿಗಳು ಕೇಳಿದ್ದು ಅಂಥ ಪೆಟ್ಟಿಗೆಗಳಿಂದ.

ನಿಜವಾದ ಕೊರತೆ ಯಾವುದು, ಬರೀ ಚಪಲ ಯಾವುದು ಎಂದು ಗುರುತಿಸುವುದು ಹೇಗೆ?

ನನಗೆ ನೆರವಾದದ್ದು ಒಂದು ನೋಟ್‌ಬುಕ್. ಕೇಳುವಾಗ ಏನಾದರೂ ಕಿರಿಕಿರಿಯಾದರೆ ದಿನಾಂಕ, ಹಾಡು, ಎಷ್ಟನೇ ನಿಮಿಷ, ಏನಾಯಿತು ಎಂದು ಬರೆಯುತ್ತಿದ್ದೆ. ಅಂಗಡಿಗೆ ಹೋಗಿ ಬಂದ ದಿನ, ವಿಮರ್ಶೆ ಓದಿದ ದಿನ ಬರೆಯುವ ಹಾಗಿಲ್ಲ ಎಂಬುದೊಂದೇ ನಿಯಮ. ಆರು ತಿಂಗಳ ನಂತರ ತೆಗೆದು ನೋಡಿದೆ. ‘ಬಾಸ್‌ಗೆ ಉಸಿರಿಲ್ಲ’, ‘ಪಾರದರ್ಶಕತೆ ಸಾಲದು’ ಎಂಬಂಥ ಸಾಲುಗಳು ಒಂದೂ ಎರಡನೇ ಸಲ ಬಂದಿರಲಿಲ್ಲ. ಆದರೆ ‘ಎಡ ಸ್ಪೀಕರ್‌ನಲ್ಲಿ ತಗ್ಗು ಸ್ವರಕ್ಕೆ ಝೇಂಕಾರ’ ಎಂಬುದು ಒಂಬತ್ತು ಸಲ ಇತ್ತು, ಬೇರೆ ಬೇರೆ ಹಾಡುಗಳಲ್ಲಿ. ಹೋಗಿ ಮುಟ್ಟಿ ನೋಡಿದರೆ ಸದ್ದು ಹೊರಡಿಸುವ ಭಾಗವಾದ ಡ್ರೈವರ್‌ನ ಒಂದು ತಿರುಪು ಸಡಿಲವಾಗಿತ್ತು.

ಕೊರತೆಗೆ ವಿಳಾಸವಿರುತ್ತದೆ. ಇಂಥ ಹಾಡಿನ ಇಂಥ ಜಾಗದಲ್ಲಿ ಮೃದಂಗದ ಎಡಬದಿಯ ಗುಮುಕು ಕೇಳುತ್ತಿಲ್ಲ, ರಾತ್ರಿ ಮೆಲ್ಲಗೆ ಹಾಕಿದರೆ ಮಾತು ತಿಳಿಯುತ್ತಿಲ್ಲ, ಒಂದು ಚಾನೆಲ್ ಆಗಾಗ ಸಾಯುತ್ತದೆ. ಚಪಲ ಮಾತ್ರ ಯಾವಾಗಲೂ ಹೋಲಿಕೆಯ ಭಾಷೆಯಲ್ಲೇ ಮಾತಾಡುತ್ತದೆ: ಅದು ಇದಕ್ಕಿಂತ ಚೆನ್ನಾಗಿರಬಹುದೇನೋ. ದೂರದ ಬೆಟ್ಟ ನುಣ್ಣಗೆ ಕಾಣುವುದು ಕಣ್ಣಿಗಷ್ಟೇ ಅಲ್ಲ.

ಒಂದನ್ನು ಬದಲಿಸಿದೆ. ಈಗ ಉಳಿದವೆಲ್ಲ ಹಳತು ಅನ್ನಿಸುತ್ತಿವೆ. ಏನು ಮಾಡಲಿ?

ಆರು ತಿಂಗಳು ಏನೂ ಮಾಡಬೇಡಿ. ಹೊಸ ಸ್ಪೀಕರ್ ಬಂದ ಕೂಡಲೇ ಆಂಪ್ಲಿಫೈಯರ್ ಬಡವಾಗಿ ಕಾಣುವುದು, ಆಂಪ್ಲಿಫೈಯರ್ ಬಂದ ಮೇಲೆ ಡ್ಯಾಕ್ ಸಣ್ಣದೆನಿಸುವುದು ಸದ್ದಿಗೆ ಸಂಬಂಧಿಸಿದ್ದಲ್ಲ, ಜೋಡಿ ಹೊಂದಿಸುವ ಮನಸ್ಸಿಗೆ ಸಂಬಂಧಿಸಿದ್ದು. ಒಮ್ಮೆಗೆ ಒಂದನ್ನೇ ಬದಲಿಸಿ ಕಾಯ್ದರೆ ಯಾವುದರಿಂದ ಏನಾಯಿತು ಎಂದಾದರೂ ತಿಳಿಯುತ್ತದೆ. ಹಳೆಯದನ್ನು ಆ ಅವಧಿಯಲ್ಲಿ ಮಾರಬೇಡಿ. ಮೂರನೇ ತಿಂಗಳಲ್ಲಿ ಅದನ್ನು ಮತ್ತೆ ಜೋಡಿಸಿ ಒಂದು ವಾರ ಕೇಳಿ. ನಾನು ಹಾಗೆ ಮಾಡಿದ ಎರಡು ಸಲದಲ್ಲಿ ಒಂದು ಸಲ ಹೊಸದನ್ನೇ ವಾಪಸು ಕೊಟ್ಟೆ.

ವಯಸ್ಸಾದಂತೆ ಕಿವಿ ಮಂದವಾಗುತ್ತದಂತೆ. ಆಗ ಒಳ್ಳೆಯ ಸೆಟ್ ಇದ್ದೂ ಏನು ಬಂತು?

ಮೊದಲು ಹೋಗುವುದು ಅತಿ ಎತ್ತರದ ಸ್ವರಗಳು, ಅದು ಎಲ್ಲರಿಗೂ ಆಗುವಂಥದ್ದು. ಆದರೆ ಪಿಯಾನೋದ ಕೊನೆಯ ಮನೆಯ ಮೂಲಸ್ವರವೇ 4,186 ಹರ್ಟ್ಸ್. ಅದರಾಚೆ ಇರುವುದು ಅನುಸ್ವರಗಳು, ಸಿಂಬಲ್‌ನ ಮಿನುಗು, ಉಸಿರಿನ ಸದ್ದು. ಸಂಗೀತದ ತಿರುಳು ಬಹುಕಾಲ ನಿಮ್ಮೊಂದಿಗಿರುತ್ತದೆ.

ಕಾಪಾಡಿಕೊಳ್ಳದಿದ್ದರೆ ಮಾತ್ರ ಹಾಗಲ್ಲ. ಈ ಉತ್ತರವನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಸುರಕ್ಷಿತ ಮಿತಿ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ. 90 ಡೆಸಿಬಲ್‌ಗೆ ಏರಿಸಿದರೆ ಅದು ನಾಲ್ಕೇ ಗಂಟೆಗೆ ಇಳಿಯುತ್ತದೆ. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಈ ಇಡೀ ಸರಪಳಿಯಲ್ಲಿ ಬದಲಿ ಸಿಗದ ಭಾಗ ಅದೊಂದೇ, ನಾವು ಅತಿ ಕಡಿಮೆ ಯೋಚಿಸುವುದೂ ಅದರ ಬಗ್ಗೆಯೇ.

ಉಪಕರಣಗಳೇ ನನಗೆ ಇಷ್ಟ. ಜೋಡಿಸುವುದು, ಹೋಲಿಸುವುದು ನನ್ನ ಹವ್ಯಾಸ. ಅದು ತಪ್ಪೇ?

ಖಂಡಿತ ಅಲ್ಲ. ಬೆಸುಗೆ ಹಾಕಿ ಆಂಪ್ಲಿಫೈಯರ್ ಕಟ್ಟುವವರ, ಹಳೆಯ ಟರ್ನ್‌ಟೇಬಲ್ ಬಿಚ್ಚಿ ಎಣ್ಣೆ ಹಾಕಿ ತಿರುಗಿಸುವವರ ಸಂತೋಷ ನನಗೆ ಗೊತ್ತು, ಅದು ಅಪ್ಪಟ ಸಂತೋಷ. ನಿಮ್ಮ ಕೆಲಸ ಕೊಟ್ಟ ಖುಷಿ ಮರುದಿನವೂ ಉಳಿದಿದ್ದರೆ ಮುಂದುವರಿಸಿ. ಪೆಟ್ಟಿಗೆ ಬಿಚ್ಚಿದ ಮರುದಿನವೇ ಮುಂದಿನದರ ಹುಡುಕಾಟ ಶುರುವಾಗುತ್ತಿದ್ದರೆ, ಮನೆಯವರಿಂದ ಬೆಲೆ ಮುಚ್ಚಿಡುವ ಹಾಗಾಗಿದ್ದರೆ, ಅದನ್ನು ಹವ್ಯಾಸ ಎಂದು ಕರೆಯುವುದು ನನಗೆ ಕಷ್ಟ.

ಮತ್ತೆ ಸಂಗೀತವನ್ನೇ ಕೇಳುವವನಾಗುವುದು ಹೇಗೆ?

ಮನೆ ಬದಲಿಸುವಾಗ ಸೆಟ್ಟನ್ನೆಲ್ಲ ಕಟ್ಟಿಟ್ಟು ನಾಲ್ಕು ತಿಂಗಳು ಒಂದು ಚಿಕ್ಕ ರೇಡಿಯೋ ಇಟ್ಟುಕೊಂಡಿದ್ದೆ. ಅದರಲ್ಲಿ ಪರೀಕ್ಷಿಸಲು ಏನೂ ಇರಲಿಲ್ಲ. ಬಾಸ್ ಇಲ್ಲ, ವಾದ್ಯಗಳು ಬೇರೆ ಬೇರೆ ಜಾಗದಿಂದ ಬಂದಂತೆ ತೋರುವ ಸೌಂಡ್‌ಸ್ಟೇಜ್ ಇಲ್ಲ. ಆ ನಾಲ್ಕು ತಿಂಗಳಲ್ಲಿ ಹಾಡುಗಳನ್ನು ಕೊನೆಯವರೆಗೆ ಕೇಳಿದೆ. ಆಲಾಪನೆಯೊಂದು ಎಲ್ಲಿಂದ ಹೊರಟು ಎಲ್ಲಿಗೆ ಬಂದು ನಿಂತಿತು ಎಂದು ವರ್ಷಗಳ ನಂತರ ಹಿಂಬಾಲಿಸಿದೆ. ಸೆಟ್ಟನ್ನು ಮತ್ತೆ ಬಿಚ್ಚಿಟ್ಟಾಗ ಆ ಅಭ್ಯಾಸವನ್ನು ಉಳಿಸಿಕೊಳ್ಳಲು ಕೆಲವು ಕಟ್ಟಳೆ ಮಾಡಿಕೊಂಡೆ. ಪರೀಕ್ಷೆಗೆಂದು ಇಟ್ಟಿದ್ದ ಹತ್ತು ಹನ್ನೆರಡು ಹಾಡುಗಳನ್ನು ಒಂದು ವರ್ಷ ಮುಟ್ಟಲಿಲ್ಲ. ಹಾಕಿದ್ದನ್ನು ಮುಗಿಯುವವರೆಗೆ ಕೇಳಿದೆ. ವಾರಕ್ಕೊಂದು ಆಲ್ಬಂ, ಈವರೆಗೆ ಕೇಳದೇ ಇದ್ದದ್ದು. ದೀಪ ಆರಿಸಿ ಕೂತೆ. ಪೆಟ್ಟಿಗೆಗಳು ಕಾಣದಿದ್ದರೆ ಅವುಗಳ ಯೋಚನೆಯೂ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಜೊತೆಗೆ ಯಾರನ್ನಾದರೂ ಕೂರಿಸಿಕೊಂಡು ಕೇಳುವುದು. ಪಕ್ಕದಲ್ಲಿ ಅಮ್ಮ ಕಣ್ಣು ಮುಚ್ಚಿ ತಲೆದೂಗುತ್ತಿರುವಾಗ ಟ್ವೀಟರ್ ಬಗ್ಗೆ ಯೋಚನೆ ಬರುವುದಿಲ್ಲ.

ಇರುವ ಸೆಟ್ಟನ್ನೇ ಉಳಿಸಿಕೊಂಡರೆ ಎಷ್ಟು ವರ್ಷ ಬಾಳುತ್ತದೆ?

ನೋಡಿಕೊಂಡರೆ ದಶಕಗಳು. ಸವೆಯುವ ಭಾಗಗಳು ಬೆರಳೆಣಿಕೆಯಷ್ಟು. ಸ್ಟೈಲಸನ್ನು (ರೆಕಾರ್ಡ್ ಮೇಲೆ ಓಡುವ ಸೂಜಿಯನ್ನು) ಅದರ ಬಗೆಗೆ ತಕ್ಕಂತೆ 500ರಿಂದ 1000 ಗಂಟೆಗೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ರೆಕಾರ್ಡೇ ಹಾಳು. ವಾಲ್ಯೂಮ್ ಗುಂಡಿ ತಿರುಗಿಸಿದಾಗ ಕರಕರ ಎಂದರೆ ಒಳಗೆ ದೂಳಿದೆ, ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಹಳೆಯ ಆಂಪ್ಲಿಫೈಯರ್ ಗುಂಯ್ ಎನ್ನತೊಡಗಿದರೆ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳು ಒಣಗಿರಬಹುದು. ಬಲ್ಲವರ ಕೈಲಿ ಬದಲಿಸಿಸಿ, ಸ್ವಂತ ಕೈ ಹಾಕಬೇಡಿ, ಸ್ವಿಚ್ ಆರಿಸಿದ ಮೇಲೂ ಅವುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಸ್ಪೀಕರ್ ಕೋನ್ ಸುತ್ತಲಿನ ಫೋಮ್ ಅಂಚು ವರ್ಷಗಳಲ್ಲಿ ಪುಡಿಯಾಗುತ್ತದೆ, ರಬ್ಬರಿನದು ಹೆಚ್ಚು ತಾಳುತ್ತದೆ.

ನನ್ನ ಸ್ಪೀಕರ್‌ಗಳ ಫೋಮ್ ಹೋದ ವರ್ಷ ಉದುರಿತು. ಹೊಸ ಜೊತೆಯ ಯೋಚನೆ ಬಂದದ್ದು ಹೌದು, ಎರಡು ದಿನ ಇತ್ತು. ಮೂರನೇ ದಿನ ಅಂಚಿನ ಉಂಗುರಗಳನ್ನು ತರಿಸಿ, ಹಳೆಯ ಅಂಟನ್ನು ಕೆರೆದು, ಹೊಸದನ್ನು ಕೂರಿಸಿ, ಒಂದು ರಾತ್ರಿ ಒಣಗಲು ಬಿಟ್ಟೆ. ಬೆಳಗ್ಗೆ ಎದ್ದು ಮೊದಲು ಹಾಕಿದ್ದು ಬರೀ ತಂಬೂರಿಯ ಶ್ರುತಿ. ಕಾಲು ಗಂಟೆ ಅದನ್ನೇ ಕೇಳುತ್ತ ಕೂತಿದ್ದೆ.